ಚೆಲುವ ಕಾಯ್ದ ಬಚ್ಚಲು

ಚಿಕ್ಕತಾಯಮ್ಮನಿಗೆ ಇದ್ದೋನು ಒಬ್ಬನೇ ಮಗ, ಚೆಲುವ. ಹೇಳಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚು ಮಾಡೋನಲ್ಲ, ಕಮ್ಮಿ ಮಾಡೋನೂ ಅಲ್ಲ. ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡಳು. ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. "ಇನ್ನೊಂದು ಸಲ ಬಿದ್ದರೆ ನಿನ್ನ ನಡಿಗೆ ಮುಗೀತಮ್ಮ" ಅಂದರು ಡಾಕ್ಟರು. ಬೀಳದಂಗೆ ನೋಡ್ಕೊಳ್ಳೋನು ಯಾರು? ಚೆಲುವ! ಅವ್ವನ ಹಣೆಬರಹ.

ಹೊಲಿಗೆ ಬಿಚ್ಚಿದ ಮೇಲೆ ನರ್ಸಮ್ಮ ಹೇಳಿದಳು, "ಬಚ್ಚಲ ನೆಲ ಒದ್ದೆಯಿರಬಾರದು ಕಣಯ್ಯಾ."

"ಆಗ್ಲಿ" ಅಂದ. ಅವ್ವ ವಾರ್ಡಿನ ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂತು ತಲೆಗೆ ಸೀಗೆಪುಡಿ ತಿಕ್ಕೊಂಡಳು.

"ನೀರು ಹುಯ್ಯೋ, ಕಣ್ಣುರಿ!"

"ಹುಯ್ಯಾಕಿಲ್ಲ ಕಣವ್ವ, ನೆಲ ಒದ್ದೆಯಾಯ್ತದೆ!" ಬಕೆಟ್ಟನ್ನೇ ಎತ್ತಿ ಆಚೆಗಿಟ್ಟ.

"ಅಯ್ಯೋ ಪೆದ್ದೇ!" ನರ್ಸಮ್ಮ ಬಂದು ಬೈದಳು. "ಅವ್ವನ ಕೈ ಹಿಡ್ಕೊಂಡಿರು. ಬಿಡಲೇಬೇಡ!"

"ಆಗ್ಲಿ" ಅಂದ. ಬೆಳಿಗ್ಗೆ ಅವ್ವ ಕಕ್ಕಸಿಗೆ ಕೂತರೂ ಕೈ ಬಿಡಲೊಲ್ಲ.

"ನಾಚಿಕೆಯಾಯ್ತದೆ, ಆಚೆ ಹೋಗೋ!"

"ಕಣ್ಣು ಮುಚ್ಕೊಂಡಿವ್ನಿ ಕಣವ್ವ!"

"ಅಯ್ಯೋ ಪೆದ್ದೇ!" ಮತ್ತೆ ಬಂದಳು ನರ್ಸಮ್ಮ. "ಅವ್ವ ಒಳಗೆ ಕೂತಾಗ ಬಾಗಿಲಾಚೆ ನಿಂತಿರು. ಕೂಗಿದರೆ ಹೋಗು!"

"ಆಗ್ಲಿ" ಅಂದ. ಮಾರನೇ ದಿನ ಅವ್ವ ಏಳುವಾಗ ತಲೆ ಸುತ್ತಿತು. ದನಿಯೇ ಹೊರಡಲಿಲ್ಲ. ಬಗ್ಗಿ ಗೋಡೆಯ ಹಿಡಿಕೆಗೆ ಜೋತುಬಿದ್ದು, ಓರೆ ಮಾಡಿದ್ದ ಬಾಗಿಲನ್ನ ಚೊಂಬಲ್ಲಿ ತಟ್ಟಿದಳು.

"ತಟ್ಟಿದ್ರೆ ಬರಾಕಿಲ್ಲ ಕಣವ್ವ, ಕೂಗು!"

ನರ್ಸಮ್ಮ ಓಡಿಬಂದು ಹಿಡಿಯದಿದ್ದರೆ ಚಿಕ್ಕತಾಯಮ್ಮನ ನಡಿಗೆ ಅಲ್ಲಿಗೇ ಮುಗೀತಿತ್ತು.

"ಅಯ್ಯೋ ಪೆದ್ದೇ! ಅವ್ವ ಬಗ್ಗಿದ್ದು ಕಂಡರೆ ಕೂಗೋ ತನಕ ಕಾಯ್ತಾರಾ? ಓಡಿಹೋಗಿ ಹಿಡ್ಕೋಬೇಕು!"

"ಆಗ್ಲಿ" ಅಂದ.

ಮನೆಗೆ ಹೋಗೋ ದಿನ ಬಂತು. ಅವ್ವ ಕೋಲೂರಿಕೊಂಡು ವಾರ್ಡಿನ ಬಾಗಿಲ ತನಕ ತನ್ನ ಕಾಲಲ್ಲೇ ನಡೆದಳು. ಅಷ್ಟಕ್ಕೇ ಕಣ್ಣು ತುಂಬಿ ಬಂತು ಅವಳಿಗೆ. ಡಾಕ್ಟರಿಗೆ ಬಗ್ಗಿ ಕೈ ಮುಗಿದಳು.

ಬಗ್ಗಿದ್ದು ಕಂಡಿತಲ್ಲ! ಚೆಲುವ ವಾರ್ಡಿನ ಆ ತುದಿಯಿಂದ ಓಡಿದ. ಆಯಾ ಆಗತಾನೇ ಒರೆಸಿದ ನೆಲ. ಅವ್ವ ನಿಂತಂಗೇ ನಿಂತಿದ್ದಳು, ಇವನು ಜಾರಿ ಬಿದ್ದು ಕಾಲು ಮುರ್ಕೊಂಡ.

ಅವ್ವ ಬಿಟ್ಟೆದ್ದ ಮಂಚಕ್ಕೇ ಮಗನನ್ನು ಮಲಗಿಸಿದರು. ಅವ್ವ ಪಕ್ಕದ ಸ್ಟೂಲ್ ಮೇಲೆ ಕುಸಿದು ಕೂತಳು. ನರ್ಸಮ್ಮ ಏನೋ ಹೇಳೋಕೆ ಬಾಯಿ ತೆರೆದಳು.

"ಬ್ಯಾಡ ತಾಯಿ, ನಿನ್ನ ದಮ್ಮಯ್ಯ! ಇವನಿಗೆ ಇನ್ನೇನೂ ಹೇಳ್ಕೊಡಬ್ಯಾಡ. ನಂಗೆ ಸಾಕಾಗೋಗದೆ."

ನರ್ಸಮ್ಮ ಏನೂ ಹೇಳಲಿಲ್ಲ. ಸಂಜೆಗೆ ಹಾಸಿಗೆಯೆಲ್ಲ ಒದ್ದೆ!

"ಏನೋ ಇದು! ಬಚ್ಚಲಿಗೆ ಹೋಗ್ಬೇಕು ಅಂತ ಹೇಳಾಕಾಗ್ನಿಲ್ವೇನೋ?"

"ಹೇಳು ಅಂತ ಯಾರೂ ಹೇಳ್ನಿಲ್ವಲ್ಲವ್ವ!"

ಅವ್ವ ಉಸ್ಸಪ್ಪಾ ಅಂತ ಕೋಲು ಹುಡುಕಿದಳು.

"ಬಯ್ಬ್ಯಾಡ ಕಣವ್ವ" ಅಂದ ಚೆಲುವ. "ಬೇಕಾದ್ರೆ ಹೋಗಿ ನೋಡು, ಬಚ್ಚಲ ನೆಲ ಒಣಗೇ ಅದೆ!"