ಗಾಣದ ಗುಂಡಿಯ ನೊರೆ

"ನಾನು ಹೇಳಿಕೊಡುವ ಪಾಠದಲ್ಲಿ ತಪ್ಪಿಲ್ಲ. ಆದರೂ ಕಿರಿಯರ ತಲೆಗೆ ಹತ್ತುತ್ತಿಲ್ಲ. ಇನ್ನೂ ಎರಡು ಸಲ ಹೆಚ್ಚು ಹೇಳಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಅಲ್ಲಿಯ ನೇಕಾರರು ನೂಲಿಗೆ ಗಂಜಿ ಹಚ್ಚಿ ನೇಯುತ್ತಿದ್ದರು. ಆ ಗಂಜಿ ಹೋಗದೆ ಬಣ್ಣ ಹಿಡಿಯದು. ಮೊಳಕೆ ಬಂದ ರಾಗಿಯನ್ನು ಅರೆದು ಹಿಂಡಿದ ನೀರು ಗಂಜಿಯನ್ನು ಕರಗಿಸುತ್ತದೆ. ಬಣ್ಣಗಾರ ಬಟ್ಟೆಯನ್ನು ಒಂದು ಹಗಲು ಅದರಲ್ಲಿ ನೆನೆಸಿ, ಆಮೇಲೆ ಬಣ್ಣಕ್ಕೆ ಹಾಕುತ್ತಿದ್ದ.

ಒಂದು ವರ್ಷ ಬಟ್ಟೆಗಳು ಕಲೆಕಲೆಯಾಗಿ ಬಂದವು. ನೇಕಾರನೊಬ್ಬ ತನ್ನ ಸೀರೆಯನ್ನು ಬಿಡಿಸಿ ನೋಡಿದ. "ಏನಪ್ಪಾ, ನಾನು ಕೊಟ್ಟದ್ದು ಸೀರೆ, ನೀನು ತಂದದ್ದು ಚಿರತೆ! ಮುಂದಿನದೂ ಹೀಗಾದರೆ ನಮ್ಮ ಓಣಿಯ ಬಟ್ಟೆಯೆಲ್ಲ ಪಕ್ಕದ ಊರಿಗೆ ಹೋಗುತ್ತದೆ" ಎಂದ.

ಆ ಓಣಿಯ ಕೆಲಸ ಹೋದರೆ ಬಣ್ಣಗಾರನಿಗೆ ಬೇರೆ ಕೆಲಸವಿರಲಿಲ್ಲ. ಮೊಳಕೆ ನೀರಿಗೆ ಬಲ ಸಾಲದೆಂದುಕೊಂಡು ಅವನು ರಾಗಿಯನ್ನು ಎರಡರಷ್ಟು ಹಾಕಿದ. ಆಮೇಲೆ ನಾಲ್ಕರಷ್ಟು. ಕಲೆ ಹೋಗಲಿಲ್ಲ.

ಒಂದು ದಿನ ಎಣ್ಣೆ ಗಾಣದ ಹೆಂಗಸೊಬ್ಬಳು ಬಂದಳು. ನೆನೆದಿದ್ದ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನಕ್ಕಳು.

"ಅಯ್ಯಾ, ನಿನ್ನ ನೀರು ಬಲವಾಗಿಯೇ ಇದೆ. ಗಂಜಿಯವರೆಗೆ ಹೋಗಿಲ್ಲ, ಅಷ್ಟೆ. ಎಳೆ ಕಡಿಯಬಾರದೆಂದು ನೇಕಾರರು ಈ ಸಲ ಗಂಜಿಗೆ ಎಣ್ಣೆ ಬೆರೆಸಿದ್ದಾರೆ. ಆ ಎಣ್ಣೆ ನೀರನ್ನು ತಡೆಯುತ್ತಿದೆ. ನಮ್ಮ ಗಾಣದ ಹಿಂದಿನ ಗುಂಡಿಯ ನೊರೆ ತಂದು ಹಾಕು."

"ಆ ನಾರುವ ನೊರೆಯನ್ನೇ? ಸೀರೆಗೆ?"

"ಮೂಗು ಮುಚ್ಚಿಕೋ. ಬಣ್ಣ ಹಿಡಿಯಬೇಕಾದದ್ದು ಸೀರೆಗೆ, ನಿನ್ನ ಮೂಗಿಗಲ್ಲ."

ಆ ಗುಂಡಿಯಲ್ಲಿ ಎಣ್ಣೆ ತೆಗೆದು ಉಳಿದ ಹಿಂಡಿ ಕೊಳೆಯುತ್ತಿತ್ತು. ಕಣ್ಣಿಗೆ ಕಾಣದ ಜೀವಿಗಳು ಅದರ ಎಣ್ಣೆಯನ್ನು ಉಂಡು ನೊರೆ ಎಬ್ಬಿಸುತ್ತಿದ್ದವು. ಆ ನೊರೆಗೆ ಎಣ್ಣೆಯನ್ನು ಬಿಡಿಸಿ ನೀರಿನಲ್ಲಿ ಬೆರೆಸುವ ಗುಣವಿತ್ತು.

ಬಣ್ಣಗಾರ ಒಂದೇ ಬಟ್ಟೆಯಿಂದ ಮೂರು ತುಂಡು ಕತ್ತರಿಸಿದ. ಒಂದನ್ನು ಮೊಳಕೆ ನೀರಿನಲ್ಲಿ, ಒಂದನ್ನು ನೊರೆಯಲ್ಲಿ, ಇನ್ನೊಂದನ್ನು ಎರಡೂ ಸೇರಿಸಿದ ನೀರಿನಲ್ಲಿ ನೆನೆಸಿದ. ಸಂಜೆ ಮೂರನ್ನೂ ಕೆಂಪು ಬಣ್ಣಕ್ಕೆ ಅದ್ದಿದ. ಮೊದಲನೆಯದು ಕಲೆಯಾಯಿತು. ಎರಡನೆಯದೂ ಕಲೆಯಾಯಿತು. ಮೂರನೆಯದು ಅಂಚಿನಿಂದ ಅಂಚಿಗೆ ಒಂದೇ ಕೆಂಪು. ಮರುದಿನ ರಾಗಿಯನ್ನು ಹಳೆಯ ಅಳತೆಯ ಅರ್ಧಕ್ಕೆ ಇಳಿಸಿ ನೋಡಿದ. ಆಗಲೂ ಒಂದೇ ಕೆಂಪು.

ಒಂದು ವಾರದಲ್ಲಿ ಓಣಿಯ ನಲವತ್ತು ಸೀರೆಗಳು ಹಗ್ಗದ ಮೇಲೆ ಒಣಗಿದವು. ಬೆದರಿಸಿ ಹೋಗಿದ್ದ ನೇಕಾರ ಕೊನೆಯ ಸೀರೆಯವರೆಗೂ ನಡೆದು ನೋಡಿದ. ಎಲ್ಲೂ ಕಲೆಯಿರಲಿಲ್ಲ. ತಲೆಯ ರುಮಾಲನ್ನು ಬಿಚ್ಚಿ, "ತಗೋ, ಇದಕ್ಕೂ ಬಣ್ಣ ಹಾಕು" ಎಂದ.

ಶಿಷ್ಯನ ಮುಖ ಅರಳಿತು. "ಹಾಗಾದರೆ ನನಗೂ ಅಂಥದೊಂದು ನೊರೆ ಬೇಕು" ಎಂದ.

"ಎಲ್ಲಿ ತಡೆಯುತ್ತಿದೆ ಎಂದು ಆ ಕಿರಿಯರಲ್ಲಿ ಒಬ್ಬನನ್ನಾದರೂ ಕೇಳಿದ್ದೀಯಾ?" ಎಂದರು ಗುರುಗಳು.

ಶಿಷ್ಯ ಎದ್ದು ಕಿರಿಯರಿದ್ದ ಕಡೆಗೆ ನಡೆದ.