ಮೊದಲ ಬಟ್ಟಲು

ಅಮೆರಿಕದ ಅಪಲಾಚಿಯಾ ಬೆಟ್ಟದ ತೊರೆಯೊಂದರ ಪಕ್ಕದಲ್ಲಿ ಒಂದು ಕರಡಿ ಮೆಕ್ಕೆಜೋಳವನ್ನು ಹುಳಿಬರಿಸಿ, ತಾಮ್ರದ ಹಂಡೆಯಲ್ಲಿ ಕಾಯಿಸಿ ಸಾರಾಯಿ ಬಟ್ಟಿ ಇಳಿಸುತ್ತಿತ್ತು. ರುಚಿ ನೋಡುವ ದಿನ ಕಾಡಿನವರೆಲ್ಲ ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ ನಿಂತದ್ದು ಬೆಟ್ಟದ ಯಜಮಾನಿಕೆ ತನ್ನದೆನ್ನುವ ನರಿ.

ಕೊಳವೆಯಿಂದ ಸಾರಾಯಿ ತೊಟ್ಟಿಕ್ಕತೊಡಗಿತು. ನರಿ ಬಟ್ಟಲು ಚಾಚಿ, “ಮೊದಲ ಬಟ್ಟಲು ನನ್ನದು,” ಎಂದಿತು.

“ಮೊದಲು ಇಳಿಯುವುದು ವಿಷ, ಯಜಮಾನರೇ. ಕುಡಿದರೆ ಕಣ್ಣು ಹೋಗುತ್ತದೆ. ಸ್ವಲ್ಪ ತಡೆಯಿರಿ,” ಎಂದಿತು ಕರಡಿ.

“ಯಾವ ಔತಣದಲ್ಲೂ ನಾನು ಇನ್ನೊಬ್ಬರ ನಂತರ ಉಂಡವನಲ್ಲ. ಕೊಡದಿದ್ದರೆ ನಾಳೆಯಿಂದ ಈ ತೊರೆಯ ನೀರು ಮುಟ್ಟಬೇಡ!”

ಹಂಡೆಯ ಆವಿಯನ್ನು ತಣಿಸಿ ಸಾರಾಯಿಯಾಗಿಸಲು ಕರಡಿಗೆ ಆ ನೀರೇ ಬೇಕು. ಆದರೂ ಮೊದಲು ಇಳಿದದ್ದನ್ನೆಲ್ಲ ನೆಲಕ್ಕೆ ಸುರಿದು, “ನೀರು ಹೋದರೆ ಹೋಗಲಿ, ನಿಮ್ಮ ಕಣ್ಣು ಉಳಿಯಲಿ,” ಎಂದಿತು.

ನರಿ ಹಲ್ಲು ಕಡಿಯಿತು. ಅಷ್ಟರಲ್ಲಿ ಆ ಒದ್ದೆ ನೆಲದ ಮೇಲೆ ಬಂದು ಕೂತ ನೊಣವೊಂದು ಕಾಲು ಮೇಲಾಗಿ ಬಿತ್ತು, ಮತ್ತೆ ಏಳಲಿಲ್ಲ. ನರಿ ಅದನ್ನೇ ನೋಡುತ್ತ ನಿಂತಿತು.

ಆಮೇಲೆ ಇಳಿದದ್ದನ್ನು ಕರಡಿ ಸೀಸೆಯಲ್ಲಿ ಕುಲುಕಿ, ಗುಳ್ಳೆ ನೋಡಿ ಹದ ತಿಳಿದು, ತಾನೇ ಒಂದು ಗುಟುಕು ಕುಡಿಯಿತು. ಜೋಳದ ಸಿಹಿ ನಾಲಿಗೆಗೆ ಹತ್ತಿತು, ಗಂಟಲು ಬೆಚ್ಚಗಾಯಿತು. “ಈಗ ಬನ್ನಿ,” ಎಂದು ಕರೆಯಿತು.

ನರಿಯ ಜಾಗ ಖಾಲಿಯಿತ್ತು. ಅದು ಸಾಲಿನ ಕೊನೆಗೆ ಹೋಗಿ ಮುದಿ ಆಮೆಯ ಹಿಂದೆ ನಿಂತಿತ್ತು.

“ಮುಂದೆ ಹೋಗಿ ಯಜಮಾನರೇ, ನನ್ನ ನಡಿಗೆ ನಿಧಾನ,” ಎಂದಿತು ಆಮೆ.

“ಇರಲಿ ಅಜ್ಜಾ,” ಎಂದಿತು ನರಿ. “ನನಗೂ ಆತುರವಿಲ್ಲ.”