ಸೊರಗುವ ಪಾಳಿ

ಮಠದ ದಾಸೋಹದ ಉಸ್ತುವಾರಿ ನೋಡುತ್ತಿದ್ದ ಶಿಷ್ಯ ಮುರಿಗೆಯ್ಯ ಗುರುಗಳನ್ನು ಕೇಳಿದ:

“ಅಪ್ಪಾವರೇ, ನಮ್ಮ ಪಂಕ್ತಿಯಲ್ಲಿ ಹೊಟ್ಟೆ ತುಂಬಿದವರೂ ಬಂದು ಕೂರುತ್ತಾರೆ. ಇರುವ ಜೋಳ ಕಡಿಮೆ. ಬಾಗಿಲಲ್ಲೇ ನಿಂತು ನೋಡಿ, ನಿಜವಾಗಿ ಹಸಿದವರನ್ನಷ್ಟೇ ಒಳಗೆ ಬಿಟ್ಟರೆ ತಪ್ಪೇನು?”

ಗುರುಗಳು ನಕ್ಕರು. “ಹಸಿವನ್ನು ಕಣ್ಣಳತೆಯಲ್ಲೇ ಹಿಡಿಯುವಷ್ಟು ದೊಡ್ಡವನಾದೆಯಾ? ಕೂತುಕೋ” ಎಂದು ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಜನ ಏನು ಉಣ್ಣುತ್ತಾರೆ, ಮಕ್ಕಳು ಯಾಕೆ ಸೊರಗುತ್ತಾರೆ ಎಂದು ವಿಶ್ವವಿದ್ಯಾಲಯದ ಪರವಾಗಿ ಅಧ್ಯಯನ ಮಾಡುತ್ತಿದ್ದಳು. ಓದಿದವಳು, ಕರುಣೆಯೂ ಇದ್ದವಳು. ಎರಡೂ ಒಬ್ಬರಲ್ಲೇ ಸಿಗುವುದು ಅಪರೂಪ. ತಿಂಗಳಿಗೊಮ್ಮೆ ಒಂದು ಕೇರಿಗೆ ಹೋಗಿ ಮಕ್ಕಳ ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತುತ್ತಿದ್ದಳು. ತೋಳು ತುಂಬಿಕೊಂಡಿದ್ದರೆ ಹಸಿರು, ತೀರ ಸೊರಗಿದ್ದರೆ ಕೆಂಪು. ಕೆಂಪು ಬಂದ ಮಗುವಿನ ಮನೆಗೆ ತಿಂಗಳಿಗಾಗುವಷ್ಟು ಪೌಷ್ಟಿಕ ಹಿಟ್ಟು. ಹಸಿರಿಗೆ ಏನೂ ಇಲ್ಲ. ಇದ್ದ ಹಿಟ್ಟೇ ಸ್ವಲ್ಪ, ಬೇಕಾದವರಿಗಷ್ಟೇ ಸಲ್ಲಲಿ ಎಂದು ಅವಳೇ ಮಾಡಿದ ನಿಯಮ ಅದು.

ಆ ಕೇರಿಯ ಒಬ್ಬ ತಾಯಿಗೆ ಮೂರು ಮಕ್ಕಳು. ಮೊದಲು ಹಿರಿಯವನು ಕೆಂಪಿಗೆ ಬಂದ. ಹಿಟ್ಟು ತಿಂದು ಹಸಿರಾದ. ಸಂಶೋಧಕಿಗೆ ಸಂತೋಷವಾಯಿತು; ತಾಯಿಯ ಮುಖ ಮಾತ್ರ ಬಾಡಿತು. ಮುಂದಿನ ಸಲ ನಡುವಿನವಳು ಕೆಂಪು. ಅವಳೂ ಚೇತರಿಸಿಕೊಂಡಳು. ಆಮೇಲಿನ ಸಲ ತಾಯಿ ಕಂಕುಳಲ್ಲಿದ್ದ ಸಣ್ಣ ಕೂಸನ್ನು ತಂದು ಮುಂದೆ ಹಿಡಿದಳು. ಅದಕ್ಕೆ ಅಳುವಷ್ಟೂ ತ್ರಾಣವಿರಲಿಲ್ಲ.

ಸಂಶೋಧಕಿಗೆ ಭಯವಾಯಿತು. “ಇದೇನು ಕಾಯಿಲೆಯಮ್ಮಾ? ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರು ಮಲಗುತ್ತಾರಲ್ಲ?” ಎಂದಳು.

“ಜಡ್ಡಲ್ರೀ ಅಕ್ಕಾರ, ಪಾಳಿ” ಎಂದಳು ತಾಯಿ. “ಎಲ್ಲಾ ಹಸಿರಾದ್ರ ಹಿಟ್ಟು ನಿಂತುಬಿಡ್ತದಲ್ರೀ. ಒಂದು ಸೊರಗಿದ್ರ ಉಳಿದೆರಡೂ ಉಣ್ತಾವ. ದೊಡ್ಡವೆರಡೂ ತಡಕೊಂಡ್ವು. ಇದು ತಡಕೋತದೋ ಇಲ್ಲೋ ಅಂತ ನನ್ನ ಎದಿ ಡವಡವ ಅಂತದ. ಲಗೂನ ಸುತ್ರೀ.”

ಸಂಶೋಧಕಿ ಪಟ್ಟಿ ಬಿಚ್ಚಿದಳು. ಸುತ್ತಿದರೆ ಹಿಟ್ಟು ಸಿಗುತ್ತದೆ. ಆಮೇಲೆ ಮತ್ತೆ ಹಿರಿಯವನ ಪಾಳಿ. ಸುತ್ತದಿದ್ದರೆ ಈ ಕೂಸು ಉಳಿಯುವುದಿಲ್ಲ. ಅವಳು ಸುತ್ತಿದಳು. ಕೆಂಪು ಬಂತು.

ತಲೆಯೆತ್ತಿ ಹೊರಗೆ ನೋಡಿದಳು. ಕೇರಿಯ ಉಳಿದ ತಾಯಂದಿರು ಸಾಲಾಗಿ ಕುಳಿತು ಕಾಯುತ್ತಿದ್ದರು. ಎಲ್ಲರ ಮಡಿಲಲ್ಲೂ ಒಂದೊಂದು ಸೊರಗಿದ ಕೂಸು. ಒಂದೊಂದು ಮನೆಯಿಂದ ಒಂದೊಂದೇ. ಕೈಯಲ್ಲಿದ್ದ ಅಳತೆಪಟ್ಟಿಯನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಗುರುಗಳು ಅಲ್ಲಿಗೇ ನಿಲ್ಲಿಸಿದರು.

“ಆ ಸಣ್ಣ ಕೂಸು ಬದುಕಿತೇ, ಅಪ್ಪಾವರೇ?” ಎಂದ ಮುರಿಗೆಯ್ಯ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

“ನಾಳೆ ನಮ್ಮ ಬಾಗಿಲಿಗೆ ಬರುವವರು ಎಷ್ಟು ಸೊರಗಿ ಬರಬೇಕು, ಅದನ್ನು ಇವತ್ತೇ ಊರಿಗೆಲ್ಲ ಹೇಳಿ ಕಳಿಸು.”